ಥ್ರೆಲ್ಬಿಗಳೆಲ್ಲ ನೆಂಟರಲ್ಲ

"ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲಮ್ಮ" ಎಂದವರು ನಮ್ಮ ಯೋಜನೆಯ ಮುಖ್ಯಸ್ಥರು. ಬೆಂಗಳೂರಿನವರು, ಅಜ್ಜ ವಕೀಲರು, ಅಪ್ಪ ಪ್ರೊಫೆಸರು. ಅಂದದ್ದು ನೆದರ್ಲೆಂಡ್ಸಿನ ದ ಹೇಗ್‌ನ ನಮ್ಮ ಕಚೇರಿಯಲ್ಲಿ, ಕಾಫಿ ಯಂತ್ರದ ಮುಂದೆ, ಇನ್ನಿಬ್ಬರು ಸಹೋದ್ಯೋಗಿಗಳ ಎದುರಿಗೆ. ಆ ಇಬ್ಬರೂ ಡಚ್ಚರು. ಅವರಿಗೂ ತಿಳಿಯಲಿ ಎಂದು ಮುಖ್ಯಸ್ಥರು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ಮೊದಲನೆಯ ಸಲ ಹೇಳಿದ್ದನ್ನು ಮರೆಯಬಹುದಿತ್ತೇನೋ. ಎರಡನೆಯ ಸಲದ್ದನ್ನು ಮರೆಯಲಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಥ್ರೆಲ್ಬಿ ಎನ್ನುವುದು ಇಂಗ್ಲೆಂಡಿನ ಒಂದು ಅಪರೂಪದ ಅಡ್ಡಹೆಸರು. ಅಲ್ಲಿಯ ಪೂರ್ವ ಕರಾವಳಿಯ ಲಿಂಕನ್‌ಶೈರ್ ಸೀಮೆಯ ಜೌಗುನೆಲದಲ್ಲಿ ಹುಟ್ಟಿದ್ದು. ಈಗ ಆ ದೇಶದಲ್ಲಿ ಈ ಹೆಸರಿನವರು ಬೆರಳೆಣಿಕೆಯಷ್ಟು ಮನೆಗಳಲ್ಲಿ ಉಳಿದಿದ್ದಾರೆ. ಅವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಸಮುದ್ರದ ಈಚೆ ನೆದರ್ಲೆಂಡ್ಸಿನಲ್ಲಿಯೂ ಥ್ರೆಲ್ಬಿಗಳಿದ್ದಾರೆ, ಅದೂ ಯಾವುದೋ ಬಂದರಿನಲ್ಲಲ್ಲ, ಜರ್ಮನಿಯ ಗಡಿಗೆ ಒತ್ತಿಕೊಂಡ ಆಖ್ಟರ್‌ಹುಕ್ ಎಂಬ ಒಕ್ಕಲುತನದ ಸೀಮೆಯಲ್ಲಿ, ಎಂದು ಆ ಸಂಘದವರಿಗೆ ಗೊತ್ತಾಗಿತ್ತು. ಹೆಸರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿಗೆ ಹೋಯಿತು, ಹೇಗೆ ಹೋಯಿತು ಎಂಬುದನ್ನು ನಕ್ಷೆಗಳ ಪುಸ್ತಕವಾಗಿ ಮಾಡಿಕೊಡುವ ಕೆಲಸ 2012ರಲ್ಲಿ ನಮ್ಮ ಸಣ್ಣ ಕಂಪನಿಗೆ ಬಂತು.

ನಾನು ಆ ಕಂಪನಿಯಲ್ಲಿ ನಕ್ಷೆ ಮಾಡುವವಳು. ಸಂಜೆ ವಿಶ್ವವಿದ್ಯಾಲಯಕ್ಕೆ ಹೋಗಿ ಚಾರಿತ್ರಿಕ ಭೂಗೋಳದಲ್ಲಿ ಸ್ನಾತಕೋತ್ತರ ಓದುತ್ತಿದ್ದೆ. ಬಾಗಲಕೋಟೆಯಲ್ಲಿ ಬಿಎ ಮುಗಿಸಿದಾಗ ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅದಕ್ಕೆ ಪಟ್ಟ ಪಾಡು ಇಲ್ಲಿ ಬೇಡ. ಈ ಎರಡನೆಯ ಡಿಗ್ರಿಗೆ ಒಂದು ಪ್ರಬಂಧ ಬೇಕಿತ್ತು. ಕೆಲಸ ಮಾಡುತ್ತ ಓದುವವರು ಕೆಲಸದ ಜಾಗದಲ್ಲಿಯೇ ಪ್ರಬಂಧ ಮಾಡಬಹುದು, ಆದರೆ ಅಲ್ಲಿಯ ಮುಖ್ಯಸ್ಥರು ಸಹಿ ಹಾಕದೆ ಅದು ಪರೀಕ್ಷಾ ಸಮಿತಿಯ ಮುಂದೆ ಹೋಗುವಂತಿಲ್ಲ. ಥ್ರೆಲ್ಬಿ ಹೆಸರಿನ ಇತಿಹಾಸವನ್ನೇ ಬರೆಯುತ್ತೇನೆ ಎಂದು ಕೇಳಿದ್ದೆ. ಅದಕ್ಕೆ ಬಂದ ಉತ್ತರ ಆ ಮಾತು.

"ಮ್ಯಾಪ್ ಹಾಕು, ಕಲರ್ ಹಾಕು, ಚೆನ್ನಾಗಿ ಮಾಡ್ತೀಯ, ಇಲ್ಲ ಅನ್ನಲ್ಲ. ಹಿಸ್ಟರಿ ಬೇರೆ ಕಣಮ್ಮ. ಸರ್‌ನೇಮ್ ಬಗ್ಗೆ ಬರೀಬೇಕು ಅಂದ್ರೆ ಲೀನಿಯೇಜ್ ಅನ್ನೋದು ಏನು ಅಂತ ಒಳಗಿಂದ ಗೊತ್ತಿರಬೇಕು. ನಿಂದು ಏನು ಸರ್‌ನೇಮು?"

"ಬೇವಿನಕಟ್ಟಿ, ಸರ್."

"ತಾತ, ಮುತ್ತಾತ ಎಲ್ಲ ಬೇವಿನಕಟ್ಟೀನೇ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಕಡೆ ಅಡ್ಡಹೆಸರು ಎಷ್ಟೋ ಸಲ ಮನೆಗೆ ಅಂಟಿಕೊಂಡಿರುತ್ತದೆ. ಬೇವಿನ ಮರದ ಕಟ್ಟೆಯ ಮುಂದಿನ ಮನೆಯವರು ಬೇವಿನಕಟ್ಟಿ. ಅದು ನನ್ನ ಅವ್ವನ ತವರು. ಅವಳಿಗೆ ಅಣ್ಣತಮ್ಮಂದಿರಿರಲಿಲ್ಲ, ಅಪ್ಪ ಮನೆ ಅಳಿಯನಾಗಿ ಬಂದರು. ಬಂದಮೇಲೆ ಊರು ಅವರನ್ನು ಬೇವಿನಕಟ್ಟಿ ಎಂದಿತು, ಸಾಲೆಯಲ್ಲಿ ನಮ್ಮ ಹೆಸರಿನ ಮುಂದೆಯೂ ಅದೇ ಬಂತು. ಇಷ್ಟನ್ನು ಹೇಳಿದೆ.

ಮುಖ್ಯಸ್ಥರು ಕಾಫಿ ಚೆಲ್ಲುವಷ್ಟು ನಕ್ಕರು.

"ಅಯ್ಯೋ, ಅಂದ್ರೆ ನಿಮ್ಮಪ್ಪಂಗೆ ಸ್ವಂತ ಹೆಸರೂ ಇಲ್ಲ! ಎರವಲು ಹೆಸರಿನೋರು ನೀವು, ಇಂಗ್ಲಿಷರ ಹೆಸರಿನ ಹಿಸ್ಟರಿ ಬರೀತೀರಾ?"

ಇದನ್ನೂ ಇಂಗ್ಲಿಷಿಗೆ ತಂದರು. ಡಚ್ಚರಿಬ್ಬರೂ ಏನು ಮಾಡಬೇಕೆಂದು ತಿಳಿಯದೆ ತಮ್ಮ ಲೋಟದೊಳಗೆ ನೋಡಿದರು. ನಾನು ನಕ್ಕೆ. ಮೇಲಿನವರು ನಕ್ಕಾಗ ನಗುವುದು ಕಚೇರಿಯ ವಾಡಿಕೆ.

ಅಂದು ರೈಲಿನಲ್ಲಿ ಐಂಡ್‌ಹೋವನ್‌ವರೆಗೆ ಬಂದು, ಅಲ್ಲಿಂದ ಸ್ಪ್ರಿಂಟರ್ ಎಂಬ ಲೋಕಲ್ ರೈಲು ಹಿಡಿದು ಬೆಸ್ಟ್ ಎಂಬ ಊರಿನ ನಮ್ಮ ಮನೆ ಮುಟ್ಟುವವರೆಗೆ ನಾನು ಕಿಟಕಿಯಾಚೆ ಏನು ನೋಡಿದೆನೋ ನೆನಪಿಲ್ಲ. ಗಂಡ ಚಿಪ್ ಕಾರ್ಖಾನೆಯ ಇಂಜಿನಿಯರು, ಹುಬ್ಬಳ್ಳಿಯವರು, ಸಮಾಧಾನದ ಮನುಷ್ಯ.

"ಬಿಡ ಮಾರಾಯ್ತಿ, ಅಂವನ ಮಾತೇನ್ ತಲಿಗೆ ಹಚ್ಕೋತಿ. ಬ್ಯಾರೆ ವಿಷಯ ತಗೋ, ಮುಗಿಸಿ ಬಿಡು."

"ಬಿಡೂದಿಲ್ಲ. ಇದ ವಿಷಯ ತಗೊಂಡ, ಅಂವನ ಸಹೀಲೇನ ಮುಗಸ್ತೀನಿ. ಆ ಕಾಗದದ ಮ್ಯಾಲೆ ಅಂವ ತನ್ನ ಕೈಲೆ ಸಹಿ ಹಾಕಬೇಕು. ನಾ ಎದುರಿಗೆ ನಿಂತಿರಬೇಕು."

ಸೇಡು ಎಂದರೆ ಅಸಹ್ಯ ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಮುಂದಿನದ್ದನ್ನೆಲ್ಲ ನಾನು ಅದರ ಬಲದಿಂದಲೇ ಮಾಡಿದ್ದು. ಓದಿನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬರೆದರೆ ಚೆಂದ ಕಾಣುತ್ತದೆ, ನಿಜವಾಗುವುದಿಲ್ಲ.

ನನ್ನ ಮಾರ್ಗದರ್ಶಕಿ ಎತ್ತರದ, ಮಾತು ಕಡಿಮೆಯ ಡಚ್ ಹೆಂಗಸು. ವಿಷಯ ಕೇಳಿ ಒಪ್ಪಿದರು. "ನಿನಗೆ ಯಾರ ಮೇಲೋ ಕೋಪವಿದೆ" ಎಂದರು. "ಇರಲಿ. ಆದರೆ ಅಡಿಟಿಪ್ಪಣಿಯಲ್ಲಿ ಕಾಣಬಾರದು." ಮುಖ್ಯಸ್ಥರೂ ಒಪ್ಪಿದರು, ಹೇಗೂ ನಕ್ಷೆ ನಾನೇ ಮಾಡಬೇಕಿತ್ತು, ಕಡೆಗೆ ಸಹಿ ಅವರ ಕೈಯಲ್ಲಿಯೇ ಇತ್ತು.

ಇಂಗ್ಲೆಂಡಿನ ಭಾಗ ಮೊದಲು ಮಾಡಿದೆ. ಚರ್ಚಿನ ದಾಖಲೆಗಳಿಂದ, ಜನಗಣತಿಗಳಿಂದ, ಸಂಘದವರು ಕೂಡಿಟ್ಟ ಮಾಹಿತಿಯಿಂದ ಥ್ರೆಲ್ಬಿ ಎಂದು ಬರುವ ಪ್ರತಿಯೊಬ್ಬರನ್ನೂ ಒಂದು ಊರಿಗೆ, ಒಂದು ಕಾಲಕ್ಕೆ ಕಟ್ಟಬೇಕು. ಆಮೇಲೆ ಚುಕ್ಕೆ. ಬರೀ ಚುಕ್ಕೆಗಳನ್ನು ನಂಬುವಂತಿಲ್ಲ. ದೊಡ್ಡ ಊರಿನಲ್ಲಿ ಎಲ್ಲ ಹೆಸರಿನವರೂ ಹೆಚ್ಚಿರುತ್ತಾರೆ. ಚುಕ್ಕೆ ನೋಡಿದರೆ ಪ್ರತಿ ಹೆಸರೂ ಲಂಡನ್ನಿನಲ್ಲಿಯೇ ಹುಟ್ಟಿದಂತೆ ಕಾಣುತ್ತದೆ. ಆದ್ದರಿಂದ ಆ ಊರಿನ ಒಟ್ಟು ಜನರಲ್ಲಿ ಈ ಹೆಸರಿನವರ ಪಾಲೆಷ್ಟು ಎಂದು ನೋಡಬೇಕು. ಹಾಗೆ ನೋಡಿದಾಗ ಲಂಡನ್ ಮಸುಕಾಯಿತು, ಲಿಂಕನ್‌ಶೈರಿನ ಕಡಲಂಚು ಕಪ್ಪಾಗಿ ಎದ್ದಿತು. ಶತಮಾನದಿಂದ ಶತಮಾನಕ್ಕೆ ಆ ಕಪ್ಪು ಕುಗ್ಗುತ್ತ ಬಂತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಸರು ಆರುತ್ತಿತ್ತು.

ಡಚ್ ಭಾಗದಲ್ಲಿ ಎಡವಿದೆ. ಇಲ್ಲಿಯ ಪುರಸಭೆಗೆ ಖೆಮೇಂಟೆ ಎನ್ನುತ್ತಾರೆ. ನಮ್ಮ ತಂತ್ರಾಂಶ ಪ್ರತಿ ದಾಖಲೆಯನ್ನೂ ಅದರ ಖೆಮೇಂಟೆಯ ನಡುಮಧ್ಯದ ಬಿಂದುವಿನಲ್ಲಿ ಕೂರಿಸುತ್ತಿತ್ತು. ನಕ್ಷೆಯಲ್ಲಿ ಆಖ್ಟರ್‌ಹುಕ್‌ನ ಥ್ರೆಲ್ಬಿಗಳು ಒಮ್ಮೆಗೇ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ನಡೆದಂತೆ ಕಂಡಿತು. ನಾನು ಹಿಗ್ಗಿ ಅದಕ್ಕೊಂದು ಕೆಂಪು ಬಾಣವನ್ನೂ ಎಳೆದೆ. ಸಂಘದ ಕಾರ್ಯದರ್ಶಿ, ಲಿಂಕನ್‌ಶೈರಿನ ನಿವೃತ್ತ ಮುಖ್ಯೋಪಾಧ್ಯಾಯಿನಿ, ಪರದೆಯ ಮೇಲೆ ಅದನ್ನು ನೋಡಿ ಕೇಳಿದರು: "ಪಾಪ, ಅಂಥದ್ದೇನಾಯಿತು ಅಲ್ಲಿ? ಎಲ್ಲರೂ ಮನೆ ಬಿಡುವಂಥದ್ದು?"

"ಬಹುಶಃ ಪ್ರವಾಹ" ಎಂದೆ ನಾನು.

ಮುಖ್ಯಸ್ಥರು ಅದಕ್ಕೇ ಕಾದಿದ್ದವರಂತೆ ಎದ್ದು ಪರದೆಯ ಹತ್ತಿರ ಹೋದರು. ಎರಡು ಖೆಮೇಂಟೆಗಳು ಕೂಡಿ ಒಂದಾಗಿದ್ದವು, ಅಷ್ಟೇ. ಗಡಿ ಹಿಗ್ಗಿದಾಗ ನಡುಬಿಂದು ಸರಿದಿತ್ತು. ಮನುಷ್ಯರು ತಮ್ಮ ಹಸುಗಳ ಜೊತೆ ಅಲ್ಲಿಯೇ ಇದ್ದರು. ಕಾರ್ಯದರ್ಶಿಯವರ ಕ್ಷಮೆ ಕೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಪ್ರವಾಹ ಅಂತೆ! ನಿಮ್ಮ ಕಡೆ ಹೊಳೆ ಬಂದ ಹಾಗೆ ಅಂದ್ಕೊಂಡ್ಯಾ? ಅದಕ್ಕೇ ಹೇಳಿದ್ದು" ಎಂದರು.

ತಪ್ಪು ನನ್ನದೇ. ಅವರು ಹಿಡಿದದ್ದು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಮಾಡಿದ್ದನ್ನೆಲ್ಲ ಒಡೆದು, ಖೆಮೇಂಟೆ ಬಿಟ್ಟು, ಹಳ್ಳಿಯ ಚರ್ಚಿನ ವ್ಯಾಪ್ತಿಗೆ, ಅದರೊಳಗಿನ ಕೇರಿಗೆ ಇಳಿದು ಮತ್ತೆ ಕಟ್ಟಿದೆ. ಹೀಗೆ ಇಳಿದದ್ದರಿಂದಲೇ ಮುಂದಿನದು ಕಣ್ಣಿಗೆ ಬಿತ್ತು.

ಮುಖ್ಯಸ್ಥರ ಸಿದ್ಧಾಂತ ಸರಳವಾಗಿತ್ತು. ಹಿಂದೆ ಡಚ್ಚರ ಸೈನ್ಯದಲ್ಲಿ ಇಂಗ್ಲಿಷ್ ಪಡೆಗಳಿದ್ದವು. ಆಖ್ಟರ್‌ಹುಕ್‌ನ ಅಂಚಿನ ಜುಟ್ಫೆನ್ ಊರಿನ ಕಡೆಯ ಕೋಟೆಗಳಲ್ಲಿ ಬೀಡು ಬಿಟ್ಟಿದ್ದವು. ಥ್ರೆಲ್ಬಿ ಹೆಸರಿನ ಒಬ್ಬ ಸಿಪಾಯಿ ಅಲ್ಲಿಯ ವಿಧವೆಯೊಬ್ಬಳನ್ನು ಮದುವೆಯಾಗಿ, ಕುರುಚಲು ಬಯಲಿನ ಅಂಚಿನಲ್ಲಿ ಗುಡಿಸಲು ಹಾಕಿ ಉಳಿದ. ಅಲ್ಲಿಯವರೆಗೆ ನಾನೂ ಒಪ್ಪುತ್ತೇನೆ. ಅವನ ಮಗ, ಮೊಮ್ಮಗ, ಮರಿಮಗ ಎಂದು ವಂಶ ಹಬ್ಬಿ ಈಗಿನ ಡಚ್ ಥ್ರೆಲ್ಬಿಗಳಾದರು ಎನ್ನುವುದು ಉಳಿದ ಅರ್ಧ. ನನ್ನ ದಾಖಲೆಗಳಲ್ಲಿ ಆ ಅರ್ಧ ಕೂಡುತ್ತಿರಲಿಲ್ಲ. ಸಿಪಾಯಿಯ ಮೊಮ್ಮಕ್ಕಳಲ್ಲಿ ಬದುಕಿ ಉಳಿದವರು ಹೆಣ್ಣುಮಕ್ಕಳು ಮಾತ್ರ. ಹಾಗಿದ್ದರೆ ಹೆಸರು ಅಲ್ಲಿಗೆ ನಿಲ್ಲಬೇಕು. ನಿಂತಿರಲಿಲ್ಲ, ಹೆಚ್ಚಿತ್ತು. ಅದೂ ಹೇಗೆ? ಹುಟ್ಟಿದಾಗ ಬೇರೆ ಹೆಸರಿದ್ದ ಗಂಡಸು ತನ್ನ ಮಕ್ಕಳ ನಾಮಕರಣದ ಹೊತ್ತಿಗೆ ಥ್ರೆಲ್ಬಿ ಆಗಿರುತ್ತಿದ್ದ.

ಮುಖ್ಯಸ್ಥರಿಗೆ ತೋರಿಸಿದೆ.

"ಅದೆಲ್ಲ ಗಲೀಜು ಡೇಟಾ. ಅಪ್ಪ ಥ್ರೆಲ್ಬಿ ಇಲ್ದೇ ಇದ್ರೆ ಮಗ ಥ್ರೆಲ್ಬಿ ಹೇಗಾಗ್ತಾನೆ? ಪಾದ್ರಿ ತಪ್ಪು ಬರೆದಿರ್ತಾನೆ. ಡಿಲೀಟ್ ಮಾಡು."

"ಇಷ್ಟೊಂದು ಜನರದ್ದನ್ನ ಒಂದೇ ಥರ ತಪ್ಪು ಬರೀತಾರಾ ಸರ್?"

"ನೀನು ಮ್ಯಾಪ್ ಮಾಡಮ್ಮ."

ತೆಗೆದೆ. ಒಂದು ಪ್ರತಿಯನ್ನು ತೆಗೆಯದೆ ನನ್ನ ಹತ್ತಿರ ಇಟ್ಟುಕೊಂಡೆ. ತೆಗೆದ ಮೇಲೆ ನಕ್ಷೆ ಬಾಚಿದ ತಲೆಯ ಹಾಗೆ ಒಪ್ಪವಾಯಿತು. ಮುಖ್ಯಸ್ಥರು ಅದನ್ನು ಸಂಘಕ್ಕೆ ಕಳಿಸಿ, ಅಷ್ಟಕ್ಕೇ ನಿಲ್ಲದೆ, ಎರಡೂ ದೇಶದ ಥ್ರೆಲ್ಬಿ ಗಂಡಸರಲ್ಲಿ ಅಪ್ಪನಿಂದ ಮಗನಿಗಷ್ಟೇ ಇಳಿಯುವ ಡಿಎನ್‌ಎ ಪರೀಕ್ಷೆ ಮಾಡಿಸೋಣ, ಒಂದೇ ರಕ್ತ ಎಂದು ಪುಸ್ತಕದಲ್ಲಿಯೇ ಹಾಕೋಣ ಎಂದು ಹೇಳಿದರು. ಕಾರ್ಯದರ್ಶಿ ಆಗಲೇ ಆಖ್ಟರ್‌ಹುಕ್‌ನವರನ್ನು "ನಮ್ಮ ದಾಯಾದಿಗಳು" ಎನ್ನತೊಡಗಿದ್ದರು.

ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಯುರೋಪಿನ ಹೆಸರು ಎಂದರೆ ಅಪ್ಪನಿಂದ ಮಗನಿಗೆ ಎಂದು ಪುಸ್ತಕದಲ್ಲಿ ಓದಿದ್ದೆ. ನಮ್ಮೂರಿನ ರೀತಿ ನಮ್ಮೂರಿಗೆ, ಇಲ್ಲಿಯದು ಇಲ್ಲಿಗೆ ಎಂದುಕೊಂಡಿದ್ದೆ. ಓದಿದವರ ಮಾತನ್ನು ಹೆಚ್ಚು ನಂಬುವುದು ಮನೆಯಲ್ಲಿ ಮೊದಲು ಓದಿದವರ ರೋಗ.

ಕಡೆಗೆ ಒಂದು ಶನಿವಾರ ಆ ಕೇರಿಯನ್ನೇ ನೋಡಿಬರೋಣ ಎಂದು ಹೊರಟೆ. ರೈಲಿಳಿದು ನಿಲ್ದಾಣದಲ್ಲಿ ಸೈಕಲ್ ಬಾಡಿಗೆ ಹಿಡಿದೆ. ಎದುರುಗಾಳಿ. ಮೆಕ್ಕೆಜೋಳದ ಹೊಲಗಳ ನಡುವೆ ತುಳಿದು ತುಳಿದು ತೊಡೆ ಸೋತಿತು. ಒಂದು ಇಟ್ಟಿಗೆಯ ತೋಟದ ಮನೆ. ಗೇಟಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಥ್ರೆಲ್ಬಿ ಎಂದು ಬರೆದಿತ್ತು. ರಬ್ಬರ್ ಬೂಟಿನ ಹೆಂಗಸೊಬ್ಬಳು ಕರುಗಳಿಗೆ ಬಕೆಟ್ಟಿನಲ್ಲಿ ಹಾಲಿಡುತ್ತಿದ್ದಳು. ನನ್ನ ಡಚ್ ಮುರುಕು, ಅವಳ ಡಚ್ ಆ ಸೀಮೆಯದು. ಆದರೂ ಮಾತು ನಡೆಯಿತು.

"ನೀವು ಥ್ರೆಲ್ಬಿಯವರಾ?"

"ಹೂಂ, ಮತ್ತೆ."

"ನಿಮ್ಮ ಗಂಡನ ಮನೆತನ?"

"ಅವನದ್ದೆಲ್ಲಿ? ಅವನ ಅಪ್ಪ ಆಚೆ ಹಳ್ಳಿಯಿಂದ ಬಂದು ಈ ತೋಟ ಹಿಡಿದದ್ದು. ಪಾಸ್‌ಪೋರ್ಟಿನಲ್ಲಿ ನಮ್ಮ ಹೆಸರೇ ಬೇರೆ."

"ಮತ್ತೆ ಥ್ರೆಲ್ಬಿ ಹೇಗಾದಿರಿ?"

ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಈ ಮನೆ ಥ್ರೆಲ್ಬಿ. ಇದರಲ್ಲಿ ಇರೋರು ಥ್ರೆಲ್ಬಿ. ಊರಿನಲ್ಲಿ ನಮ್ಮ ಪಾಸ್‌ಪೋರ್ಟಿನ ಹೆಸರು ಕೇಳು, ಯಾರಿಗೂ ಗೊತ್ತಿಲ್ಲ. ನಾಳೆ ನೀನು ಬಂದು ಇದ್ದರೆ ನೀನೂ ಥ್ರೆಲ್ಬೀನೇ. ಹಾಲು ಕರೆಯೋಕೆ ಬರುತ್ತಾ?"

"ಬರುತ್ತೆ. ಎಮ್ಮೆದು."

"ಹಾಗಾದ್ರೆ ಅರ್ಧ ಥ್ರೆಲ್ಬಿ ಆದೆ ಬಿಡು."

ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ನಕ್ಕೆ, ಕರುಗಳು ಬೆದರಿ ಹಿಂದೆ ಸರಿಯುವಷ್ಟು. ಬೇವಿನಕಟ್ಟಿಯಿಂದ ಇಷ್ಟು ದೂರ ಬಂದು, ವರ್ಷಗಟ್ಟಲೆ ಓದಿ, ನಮ್ಮವ್ವನ ಮನೆಯ ರೀತಿಯನ್ನೇ ಎದುರಿಗಿಟ್ಟುಕೊಂಡು ಗುರುತು ಹಿಡಿಯದೆ ಕೂತಿದ್ದೆ. ಈ ಸೀಮೆಯಲ್ಲಿ ತೋಟಕ್ಕೆ ಬಂದವನು, ಅಳಿಯನಾಗಲಿ ಗೇಣಿದಾರನಾಗಲಿ ವಿಧವೆಯ ಎರಡನೆಯ ಗಂಡನಾಗಲಿ, ತನ್ನ ಹೆಸರನ್ನು ಬಾಗಿಲ ಹೊರಗೆ ಬಿಟ್ಟು ಮನೆಯ ಹೆಸರನ್ನು ತೊಡುತ್ತಿದ್ದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸರಕಾರ ಎಲ್ಲರೂ ಒಂದು ಹೆಸರು ಬರೆಸಿ, ಅದನ್ನೇ ಕಾಯಂ ಮಾಡಿ ಎಂದಾಗ, ಆ ಮನೆಯೊಳಗೆ ಇದ್ದವರು, ಆ ಮನೆಯಿಂದ ಹೊರಟು ಸುತ್ತ ನೆಲೆಸಿದವರು ಥ್ರೆಲ್ಬಿ ಎಂದು ಬರೆಸಿದರು. ಇಂಗ್ಲಿಷ್ ಸಿಪಾಯಿಯ ಹೆಸರು ಉಳಿದದ್ದು ಅವನ ರಕ್ತದಲ್ಲಲ್ಲ, ಅವನ ಸೂರಿನಲ್ಲಿ.

ಮರಳುವ ರೈಲಿನಲ್ಲಿ ನಿರ್ಧಾರ ಮಾಡಿದೆ. ಪ್ರಬಂಧದಲ್ಲಿ ಮನುಷ್ಯರನ್ನು ಎಣಿಸುವುದನ್ನು ಬಿಟ್ಟುಬಿಡುವುದು. ಮನೆಗಳನ್ನು ಎಣಿಸುವುದು. ಮುಖ್ಯಸ್ಥರು ಗಲೀಜು ಎಂದದ್ದನ್ನೆಲ್ಲ ಮರಳಿ ಒಳಗೆ ತರುವುದು.

ಹೇಳಿದಷ್ಟು ಸುಲಭವಿರಲಿಲ್ಲ. ಹಳೆಯ ಮನೆಗಳ ಜಾಗ ತಿಳಿಯಬೇಕಾದರೆ ಮೊದಲ ಭೂಮಾಪನದ ಕೈಬರಹದ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಬೇಕು. ಅದಕ್ಕೆ ಅಂದಿನಿಂದ ಇಂದಿನವರೆಗೆ ಅಲುಗದೆ ನಿಂತ ಕೆಲವು ಗುರುತು ಬೇಕು. ಆ ಸೀಮೆಯಲ್ಲಿ ಅಲುಗದ್ದು ಯಾವುದಿದೆ? ಹೊಲಗಳನ್ನು ಕೂಡಿಸಿ ಮರುಹಂಚಿದ್ದಾರೆ, ಹಳ್ಳಗಳನ್ನು ದಾರ ಹಿಡಿದಂತೆ ನೇರ ಮಾಡಿದ್ದಾರೆ, ದಾರಿ ತಿರುಗಿಸಿದ್ದಾರೆ. ಚರ್ಚಿನ ಗೋಪುರ ಒಂದು ಗುರುತಾಯಿತು. ನೀರಿನ ಗಿರಣಿಯನ್ನು ಇನ್ನೊಂದು ಮಾಡಿಕೊಂಡೆ; ನಕ್ಷೆ ಒದ್ದೆ ಬಟ್ಟೆಯಂತೆ ಹಿಂಡಿಕೊಂಡಿತು, ಮನೆಗಳು ಹಳ್ಳದ ನೀರಿನೊಳಗೆ ಹೋಗಿ ಬಿದ್ದವು. ಯಾವ ಗುರುತು ಸುಳ್ಳು ಹೇಳುತ್ತಿದೆ ಎಂದು ಒಂದೊಂದನ್ನೇ ತೆಗೆದು ನೋಡುತ್ತ ಹೋದಾಗ ಗಿರಣಿ ಸಿಕ್ಕಿಬಿತ್ತು. ನಡುವೆ ಯಾವಾಗಲೋ ಅದನ್ನು ಕಿತ್ತು ಮೇಲ್ದಂಡೆಗೆ ಕಟ್ಟಿದ್ದರು. ಅದನ್ನು ಬಿಟ್ಟು ಪಕ್ಕದ ಊರಿನ ಚರ್ಚು, ಒಂದು ಕಲ್ಲುಸೇತುವೆ, ಹಳೆಯ ಎ‌ಲ್ಲೆಕಲ್ಲು ಹಿಡಿದೆ. ನಕ್ಷೆ ಕೂತಿತು.

ಆಮೇಲೆ ಆ ಬೇಡವಾದ ದಾಖಲೆಗಳನ್ನು, ಅವುಗಳಲ್ಲಿದ್ದ ಕೇರಿಯ ವಿವರ, ಒಂದು ಒಲೆಗೆ ಇಷ್ಟೆಂದು ಮನೆಮನೆಗೆ ಹಾಕುತ್ತಿದ್ದ ತೆರಿಗೆಯ ವಿವರ ಹಿಡಿದು, ಮನೆಗಳ ಮೇಲೆ ಒಂದೊಂದಾಗಿ ಇಟ್ಟೆ. ಅಪ್ಪನ ಹೆಸರು ಕೂಡದವರೆಲ್ಲ ಆ ಹೆಂಗಸು ಕರುಗಳಿಗೆ ಹಾಲಿಡುತ್ತಿದ್ದ ಅಂಗಳಕ್ಕೇ ಬಂದು ಬಿದ್ದರು.

ಪ್ರಬಂಧ ಓದಿದ ಮುಖ್ಯಸ್ಥರು ಅದನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

"ಏನಿದು? ನಿಮ್ಮಪ್ಪನ ಮನೆ ಅಳಿಯ ಪುರಾಣ ಇಲ್ಲಿಗೂ ತಂದ್ಯಾ? ನಾನು ಸೈನ್ ಹಾಕಲ್ಲ. ಕ್ಲೀನ್ ಡೇಟಾ ಮೇಲೆ ಬರಿ, ಇಲ್ಲಾಂದ್ರೆ ಬೇರೆ ಟಾಪಿಕ್ ನೋಡ್ಕೋ."

ಬೇರೆ ವಿಷಯ ಎಂದರೆ ಹೊಸದಾಗಿ ಶುರು ಮಾಡಬೇಕು, ವಿಶ್ವವಿದ್ಯಾಲಯ ಕೊಟ್ಟ ಅವಧಿ ಮುಗಿಯುತ್ತ ಬಂದಿತ್ತು. ಅದು ಅವರಿಗೆ ಗೊತ್ತಿತ್ತು. ಮಾರ್ಗದರ್ಶಕಿ, "ಪ್ರಬಂಧ ಚೆನ್ನಾಗಿದೆ, ಆದರೆ ಸಹಿ ಇಲ್ಲದೆ ನಾನು ಏನೂ ಮಾಡಲಾರೆ, ನಿಯಮ ನಿಯಮವೇ" ಎಂದರು.

ಆಗ ನಾನು ಮಾಡಿದ್ದನ್ನು ಗಂಡ ಈಗಲೂ ಹುಚ್ಚುತನ ಎನ್ನುತ್ತಾರೆ. ಸೋಮವಾರದ ಸಭೆಯಲ್ಲಿ, ಕಂಪನಿಯ ಮಾಲೀಕರು ಕೂತಿರುವಾಗ, ಎಲ್ಲರಿಗೂ ತಿಳಿಯುವ ಇಂಗ್ಲಿಷಿನಲ್ಲಿ ಕೇಳಿದೆ: "ಸರ್, ಡಿಎನ್‌ಎ ಫಲಿತಾಂಶ ಬರಲಿ. ಡಚ್ ಥ್ರೆಲ್ಬಿಗಳೂ ಇಂಗ್ಲಿಷ್ ಥ್ರೆಲ್ಬಿಗಳೂ ಒಂದೇ ರಕ್ತ ಎಂದು ಬಂದರೆ ನನ್ನ ಪ್ರಬಂಧ ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬರದಿದ್ದರೆ ನೀವು ಸಹಿ ಹಾಕುತ್ತೀರಾ?"

"ಖಂಡಿತ" ಎಂದರು ಮುಖ್ಯಸ್ಥರು. ನಗುತ್ತಲೇ ಅಂದರು. ಮಾಲೀಕರು ತಲೆಯಾಡಿಸಿದರು.

ಫಲಿತಾಂಶ ಬರುವವರೆಗೆ ನನಗೆ ಅನ್ನ ರುಚಿಸಲಿಲ್ಲ. ನಕ್ಷೆಯಲ್ಲಿ ನಂಬಿಕೆಯಿತ್ತು. ಆದರೆ ಊರ ಹೆಸರು ಒಂದು ಹೇಳುತ್ತದೆ, ಹಾಸಿಗೆ ಇನ್ನೊಂದು ಹೇಳಬಹುದು. ಸಿಪಾಯಿಯ ಒಬ್ಬ ಮಗ ದಾಖಲೆಗೆ ಸಿಗದೆ ಉಳಿದಿದ್ದರೆ ಮುಗಿಯಿತು. ಈ ಡಿಗ್ರಿಯೂ ಇಲ್ಲ, ಆ ಕಚೇರಿಯಲ್ಲಿ ನನ್ನ ಮುಖವೂ ಇಲ್ಲ.

ಕಾರ್ಯದರ್ಶಿ ಫಲಿತಾಂಶವನ್ನು ತಾವೇ ಹಿಡಿದುಕೊಂಡು ಹಡಗಿನಲ್ಲಿ ಬಂದರು, ಜೊತೆಗೆ ಒಂದು ಡಬ್ಬಿ ಬಿಸ್ಕತ್ತು. ಯಾರೂ ಬಿಸ್ಕತ್ತು ಮುಟ್ಟಲಿಲ್ಲ. ಡಚ್ ಥ್ರೆಲ್ಬಿಗಳಲ್ಲಿ ಯಾರೊಬ್ಬರೂ ಇಂಗ್ಲಿಷ್ ಥ್ರೆಲ್ಬಿಗಳ ಜೊತೆ ಹೊಂದಿರಲಿಲ್ಲ. ಅವರವರಲ್ಲಿಯೂ ಬಹಳ ಜನ ಒಬ್ಬರಿಗೊಬ್ಬರು ಹೊಂದಿರಲಿಲ್ಲ.

"ಲ್ಯಾಬಿನ ತಪ್ಪಿರಬಹುದು" ಎಂದರು ಮುಖ್ಯಸ್ಥರು. ಆಮೇಲೆ, "ಅಥವಾ ನಾವು ತಪ್ಪು ಜನರನ್ನು ಆರಿಸಿರಬಹುದು. ನಕ್ಷೆಯಲ್ಲಿ ಮೊದಲೂ ಒಮ್ಮೆ ತಪ್ಪಾಗಿತ್ತು" ಎಂದು ನನ್ನ ಕಡೆ ನೋಡಿದರು.

ನಾನು ಆ ನೋಟಕ್ಕಾಗಿಯೇ ಕಾದಿದ್ದೆ. ಪರೀಕ್ಷೆಗೆ ಒಪ್ಪಿದ್ದ ಡಚ್ ಗಂಡಸರ ಪೂರ್ವಿಕರನ್ನು ಒಬ್ಬೊಬ್ಬರನ್ನೇ ಹಿಂದಕ್ಕೆ ಹಿಡಿದು, ಯಾರು ಯಾವ ಬಾಗಿಲಿನಿಂದ ಆ ಮನೆಗೆ ಬಂದರು ಎಂದು ಗುರುತಿಸಿಟ್ಟಿದ್ದೆ. ಇದನ್ನು ಮುಖ್ಯಸ್ಥರಿಗೆ ಮೊದಲೇ ತೋರಿಸಬಹುದಿತ್ತು, ಅವರ ಮಾನ ಉಳಿಯುತ್ತಿತ್ತು. ಬೇಕೆಂದೇ ತೋರಿಸಿರಲಿಲ್ಲ. ಈಗ ಪರದೆಗೆ ಹಾಕಿದೆ. ಈತನ ಪೂರ್ವಿಕ, ಸಿಪಾಯಿಯ ಮೊಮ್ಮಗಳಿಗೆ ಗಂಡನಾಗಿ ಬಂದವನು. ಈತನವನು ಗೇಣಿಗೆ ಬಂದವನು. ಈತನವನು ಗೇಣಿದಾರನ ವಿಧವೆಯನ್ನು ಮದುವೆಯಾದವನು.

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದರೆ ಇವರು ನಮ್ಮ ದಾಯಾದಿಗಳಲ್ಲ."

"ಅಲ್ಲ ಮೇಡಂ. ನಿಮ್ಮ ಹೆಸರಿನ ಮನೆಯವರು."

ಅವರು ಎದ್ದು ನಕ್ಷೆಯ ಹತ್ತಿರ ಬಂದರು. "ನಮ್ಮ ಕಡೆ ಗಂಡುಮಕ್ಕಳಿಲ್ಲದೆ ಹೆಸರು ಮುಗಿಯುತ್ತ ಬಂದಿದೆ. ನನಗೂ ಇಬ್ಬರು ಹೆಣ್ಣುಮಕ್ಕಳೇ. ಇವರಿಗೆ ಆ ಚಿಂತೆಯೇ ಇರಲಿಲ್ಲ, ಅಲ್ಲವಾ?" ಎಂದರು. ಆಮೇಲೆ ಮುಖ್ಯಸ್ಥರಿಗೆ, ಶಾಲೆಯ ಹುಡುಗನಿಗೆ ಹೇಳುವಂತೆ: "ಪುಸ್ತಕದಲ್ಲಿ ಈ ನಕ್ಷೆ ಇರಲಿ. ನೀವು ಮೊದಲು ಕಳಿಸಿದ್ದು ಬೇಡ."

ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ.

"ಸರ್," ಎಂದೆ ಕನ್ನಡದಲ್ಲಿ, "ಎರವಲು ಹೆಸರಿನೋರು ಇಲ್ಲೂ ಇದಾರೆ. ಹೆಸರು ಉಳಿಸಿದ್ದೂ ಅವರೇ."

ಅವರ ಮುಖ ಕೆಂಪಾಯಿತು. ಉಳಿದವರಿಗೂ ತಿಳಿಯಲಿ ಎಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ. ಕಾಫಿ ಯಂತ್ರದ ಮುಂದೆ ನಿಂತಿದ್ದ ಆ ಇಬ್ಬರು ಡಚ್ಚರೂ ಅಲ್ಲಿದ್ದರು. ಒಬ್ಬ ಕೆಮ್ಮಿದ.

ಸಹಿಯ ಹಾಳೆ ನನ್ನ ಚೀಲದಲ್ಲಿಯೇ ಇತ್ತು. ಮುಖ್ಯಸ್ಥರು ಜೇಬು ತಡಕಿ ಪೆನ್ನಿಲ್ಲ ಎಂದರು. ನಾನು ಎರಡು ತಂದಿದ್ದೆ. ಸಹಿ ಮಾಡುವಾಗ ಅವರು ತಲೆ ಎತ್ತಲಿಲ್ಲ. ನಾನು ಎದುರಿಗೇ ನಿಂತು ಕಡೆಯ ಅಕ್ಷರದವರೆಗೂ ನೋಡಿದೆ. ಸೇಡು ತೀರಿದರೆ ಮನಸ್ಸು ಹಗುರಾಗುತ್ತದೆ ಎಂದು ಕೇಳಿದ್ದೆ. ನನಗೆ ಹಸಿವಾಯಿತು. ಕಾರ್ಯದರ್ಶಿಯವರ ಡಬ್ಬಿ ತೆರೆದು ನಿಂತಲ್ಲಿಯೇ ಬಿಸ್ಕತ್ತು ತಿಂದೆ.

ಪದವಿ ಸಮಾರಂಭಕ್ಕೆ ಗಂಡ ಅಪ್ಪನನ್ನು ಕರೆಸಿದರು. ಅವ್ವನಿಗೆ ಮೊಣಕಾಲು ನೋವು, ಬರಲಿಲ್ಲ. ಅಪ್ಪ ಧೋತರದ ಮೇಲೆ ಅಳಿಯನ ದಪ್ಪ ಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿ, ಸಭಾಂಗಣದ ಮೊದಲ ಸಾಲಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತರು. ಮುಖ್ಯಸ್ಥರಿಗೆ ಆಮಂತ್ರಣವನ್ನು ನಾನೇ ಕೈಯಾರೆ ಕೊಟ್ಟಿದ್ದೆ, ಮಾಲೀಕರ ಎದುರಿಗೆ, ತಪ್ಪಿಸಿಕೊಳ್ಳದಂತೆ. ಬಂದಿದ್ದರು. ಕಿಟಕಿಯ ಬಳಿ ಒಬ್ಬರೇ ನಿಂತಿದ್ದರು.

ಇಲ್ಲಿ ಪ್ರಮಾಣಪತ್ರಕ್ಕೆ ಪದವಿ ಪಡೆಯುವವರೂ ಎಲ್ಲರ ಎದುರಿಗೆ ಸಹಿ ಹಾಕಬೇಕು. ಹಾಕಿದೆ. ಮಾರ್ಗದರ್ಶಕಿ ನಾಲ್ಕು ಮಾತಾಡಿ, ಅದನ್ನು ನನ್ನ ಕೈಗಿತ್ತರು. ಕೆಳಗಿಳಿದು ಬಂದು ಅಪ್ಪನಿಗೆ ಕೊಟ್ಟೆ. ಅಪ್ಪನಿಗೆ ಓದಲು ಬಾರದು. ಎರಡೂ ಕೈಯಲ್ಲಿ ಹಿಡಿದು, ಮುದ್ರೆಯ ಉಬ್ಬನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಕಿಟಕಿಯ ಕಡೆ ಕತ್ತು ತಿರುಗಿಸಿದರು.

"ಅಲ್ಲಿ ನಿಂತಾನಲ್ಲ ಕರೀ ಕೋಟಿನವ, ನಮ್ಮ ನಾಡಿನಾಂವ ಇದ್ದಂಗ ಕಾಣ್ತಾನ. ಯಾರವಾ ಅಂವ?"

ಅವರು ಅಂದಿದ್ದನ್ನು ನಾನು ಅಪ್ಪನಿಗೆ ಎಂದೂ ಪೂರ್ತಿ ಹೇಳಿರಲಿಲ್ಲ. ಅಂದೂ ಹೇಳಲಿಲ್ಲ.

"ಇದು ನನ್ನ ಕೈಲೆ ಆಗೂದಿಲ್ಲ ಅಂದಿದ್ರಪಾ ಅವರು."

ಅಪ್ಪ ರುಮಾಲು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ ಎದ್ದು ನಿಂತರು.

"ಹೌದಾ? ಹಂಗಾರ ಅವನ್ನೂ ಕರಿ ಫೋಟೋಕ್ಕ. ನಟ್ಟನಡಬರಕ ನಿಲ್ಲಸು. ಊರಾಗ ನಾ ಒಬ್ಬಾಂವ ಹೇಳಿದ್ರ ಯಾರ ನಂಬ್ತಾರ? ಆಗೂದಿಲ್ಲ ಅಂದಾವಂದ ಒಂದ ಸಾಕ್ಷಿ ಇರ್ಲಿ."